ಹಳೆ ಕೌಬಾಯ್ ಗೊಂಬೆಗೆ ಹೊಸ ಹ್ಯಾಟ್, ಹೊಸ ಪಿಸ್ತೂಲು: ಸರಿಯೇ?

ಪರ: ಗೊಂಬೆ ಪೂರ್ತಿಯಾಗಿರಲಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಾರ್ಟ್‌ಲೆಂಡ್ ಅಂತ ಒಂದು ಊರಿದೆ. 1950ರ ದಶಕದಲ್ಲಿ ಅಲ್ಲಿನ ಹಾರ್ಟ್‌ಲೆಂಡ್ ಪ್ಲಾಸ್ಟಿಕ್ಸ್ ಕಂಪನಿ ರೇಡಿಯೊ, ಟಿವಿಯ ಕೌಬಾಯ್ ನಾಯಕರ ಗೊಂಬೆ ಮಾಡುತ್ತಿತ್ತು. ಮುಖವಾಡ ಹಾಕಿಕೊಂಡು ದುಷ್ಟರನ್ನು ಹಿಡಿಯುವ ಲೋನ್ ರೇಂಜರ್ ಮತ್ತು ಅವನ ಬಿಳಿ ಕುದುರೆ ಸಿಲ್ವರ್, ಗೆಳೆಯ ಟೋಂಟೊ, ಕೌಬಾಯ್ ನಟ ರಾಯ್ ರೋಜರ್ಸ್, ಅವರ ಹೆಂಡತಿ ಡೇಲ್ ಇವಾನ್ಸ್, ‘ಗನ್‌ಸ್ಮೋಕ್’ ಧಾರಾವಾಹಿಯ ಮ್ಯಾಟ್ ಡಿಲನ್. ಸವಾರ ಬೇರೆ, ಕುದುರೆ ಬೇರೆ, ಜೀನು ಬೇರೆ. ಹ್ಯಾಟ್ ತೆಗೆಯಬಹುದು, ಪಿಸ್ತೂಲು ಕೈಗೆ ಸಿಕ್ಕಿಸಬಹುದು. ಮಕ್ಕಳು ಆಡಲಿ ಅಂತ ಮಾಡಿದ್ದು. ಆಡಿದ ಮೇಲೆ ಚಿಕ್ಕಪುಟ್ಟ ವಸ್ತು ಕಳೆಯದೇ ಇರುತ್ತಾ? ಇವತ್ತು ಹಳೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಸವಾರರು ಎಷ್ಟೋ ಸಲ ಬರಿತಲೆ, ಬರಿಗೈ.

ಅದೇ ಅಳತೆಯ ಹೊಸ ಹ್ಯಾಟ್, ಪಿಸ್ತೂಲು ಈಗ ಸಿಗುತ್ತವೆ. ತರಿಸಿ ತೊಡಿಸಿ ಅನ್ನುತ್ತೇನೆ.

ಲೋನ್ ರೇಂಜರ್ 1933ರಲ್ಲಿ ಡೆಟ್ರಾಯಿಟ್‌ನ ರೇಡಿಯೊದಲ್ಲಿ ಹುಟ್ಟಿದವನು. ಕೇಳುಗರು ಅವನ ಮುಖವನ್ನೇ ನೋಡಿರಲಿಲ್ಲ. 1949ರಲ್ಲಿ ಟಿವಿಗೆ ಬಂದ ಮೇಲೂ ಮುಖವಾಡದ ಹಿಂದೆಯೇ ಉಳಿದ. ಬಿಳಿ ಹ್ಯಾಟ್, ಮುಖವಾಡ, ಎರಡು ಪಿಸ್ತೂಲು, ಬಿಳಿ ಕುದುರೆ ತೆಗೆದರೆ ಅವನಲ್ಲಿ ಇನ್ನೇನು ಉಳಿಯುತ್ತದೆ? ಆ ಪಾತ್ರ ಮಾಡಿದ ಕ್ಲೇಟನ್ ಮೂರ್ ಸಾರ್ವಜನಿಕವಾಗಿ ಮುಖವಾಡ ಹಾಕಬಾರದು ಅಂತ 1979ರಲ್ಲಿ ಕೋರ್ಟ್ ಆದೇಶ ಬಂತು. ಅವರು ಬರಿಮುಖದಲ್ಲಿ ಬರಲಿಲ್ಲ. ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಅಭಿಮಾನಿಗಳ ಮುಂದೆ ನಿಂತರು. ಅಸಲಿ ಇಲ್ಲದಾಗ ಬದಲಿ ಹಾಕಿಕೊಳ್ಳುವುದನ್ನು ಸ್ವತಃ ಲೋನ್ ರೇಂಜರೇ ತೋರಿಸಿಕೊಟ್ಟ ಹಾಗಾಯಿತಲ್ಲ!

ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜನ ಬಳಿ ಹ್ಯಾಟ್, ಪಿಸ್ತೂಲು ಕಳೆದುಹೋದ ರೇಂಜರ್ ಗೊಂಬೆಯೊಂದು ಇತ್ತು. ಶೋಕೇಸಿನಲ್ಲಿ ಹಿಂದಕ್ಕೆ ಸರಿಸಿಟ್ಟಿದ್ದರು. ನನ್ನ ಮಗಳು ಅದನ್ನು ನೋಡಿ, “ಅಪ್ಪಾ, ಇವನ್ಯಾಕೆ ಸುಮ್ನೆ ಕೈ ಚಾಚಿಕೊಂಡಿದ್ದಾನೆ?” ಅಂದಳು. ಹ್ಯಾಟು, ಪಿಸ್ತೂಲು ತರಿಸಿ ಕೊಟ್ಟೆ. ಅಜ್ಜ ಅವತ್ತು ಸಂಜೆಯೆಲ್ಲ ಮಾತಾಡಿದರು. ಅವರ ಅಣ್ಣ ರೇಂಜರನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲವಂತೆ, ಇವರ ಪಾಲಿಗೆ ಯಾವಾಗಲೂ ಟೋಂಟೊ. ಅಣ್ಣ ಕಾಲೇಜಿಗೆ ಹೋಗುವಾಗ ಹೇಳದೆ ಕೇಳದೆ ರೇಂಜರನ್ನು ತಮ್ಮನ ಹಾಸಿಗೆ ಮೇಲಿಟ್ಟು ಹೋದನಂತೆ. ಪಕ್ಕದಲ್ಲೇ ಇಷ್ಟು ವರ್ಷ ಇದ್ದೆವು, ಅಜ್ಜನಿಗೊಬ್ಬ ಅಣ್ಣ ಇದ್ದದ್ದೇ ನಮಗೆ ಗೊತ್ತಿರಲಿಲ್ಲ. ಈಗ ಗೊಂಬೆ ಶೋಕೇಸಿನಲ್ಲಿ ಮುಂದಿದೆ, ಟೋಂಟೊನೂ ಜೊತೆಗಿದ್ದಾನೆ.

ಇದನ್ನು ತಪ್ಪು ಅನ್ನುವ ಸಂಗ್ರಹಕಾರರಿಗೆ ಗೊಂಬೆಗಿಂತ ಅದರ ಬೆಲೆ ಮುಖ್ಯ. ದಸರಾ ಗೊಂಬೆಯ ಕಿರೀಟ ಮುರಿದರೆ ಸರಿಮಾಡಿಸಿ ಕೂರಿಸುತ್ತೇವೆ, ಪೆಟ್ಟಿಗೆಯಲ್ಲೇ ಬಿಡಲ್ಲ. ಗೊಂಬೆ ನೋಡಲಿಕ್ಕೆ ಇರುವುದು. ಪೂರ್ತಿಯಾಗಿ ನೋಡೋಣ.

ವಿರೋಧ: ಹೊಸದನ್ನು ಹಳೆಯದು ಅನ್ನಬೇಡಿ

ವಿರೋಧ ಬರೆಯಲು ನನಗೆ ಹೇಳಿದ್ದಾರೆ. ಅಜ್ಜನ ಮನೆಯ ಹ್ಯಾಟಿಗೆ ನನ್ನ ತಕರಾರೇನಿಲ್ಲ. ನನ್ನ ಚಿಂತೆ ಆಮೇಲಿನದು. ಗೊಂಬೆ ಒಂದೇ ಮನೆಯಲ್ಲಿ ಇರುವುದಿಲ್ಲ. ಮಕ್ಕಳು ಮಾರುತ್ತಾರೆ, ಕೊಂಡವರು ಮತ್ತೊಬ್ಬರಿಗೆ ಮಾರುತ್ತಾರೆ. ಹ್ಯಾಟು, ಪಿಸ್ತೂಲು ಎಲ್ಲ ಇರುವ ಗೊಂಬೆಗೆ ಬೆಲೆ ಜಾಸ್ತಿ. ಹೊಸದು ಅಂತ ಎಲ್ಲೂ ಗುರುತಿಲ್ಲದಿದ್ದರೆ ಮೂರನೆಯ ಕೈಗೆ ಬರುವಾಗ ಅದು ‘ಅಸಲಿ’ ಆಗಿಬಿಡುತ್ತದೆ. ದುಡ್ಡು ಕಳೆದುಕೊಳ್ಳುವುದು ಹೊಸದಾಗಿ ಸಂಗ್ರಹ ಶುರುಮಾಡಿದವರು.

ಇನ್ನೊಂದು ಮಾತು. 1952ರಲ್ಲಿ ಟಿವಿಯಲ್ಲಿ ಮೂರ್ ಬದಲು ಜಾನ್ ಹಾರ್ಟ್ ಎಂಬ ನಟ ಬಂದರು. ಅದೇ ಹ್ಯಾಟ್, ಅದೇ ಮುಖವಾಡ. ಆದರೂ ಮೂರ್ ಅವರನ್ನೇ ಮತ್ತೆ ಕರೆಸಬೇಕಾಯಿತು. ಹ್ಯಾಟಿನಿಂದಲೇ ರೇಂಜರ್ ಆಗುವುದಿಲ್ಲ ಅಲ್ವಾ?

ಈ ಗೊಂಬೆಗಳನ್ನು ಮಾಡಿದ ಸೆಲ್ಯುಲೋಸ್ ಅಸಿಟೇಟ್ ಎಂಬ ಆ ಕಾಲದ ಪ್ಲಾಸ್ಟಿಕ್ ವಯಸ್ಸಾದಂತೆ ಹಳದಿ ತಿರುಗುತ್ತದೆ. ಅಂಥ ಕುದುರೆಯ ಮೇಲಿನ ಸವಾರನಿಗೆ ಹಾಕಿದ ಹೊಚ್ಚಹೊಸ ಬಿಳಿ ಹ್ಯಾಟ್ ಕಣ್ಣಿಗೆ ಹೊಡೆಯುತ್ತದೆ. ಆಗ ಕುದುರೆಗೂ ಬಣ್ಣ ಬಳಿಯೋಣ ಅನ್ನಿಸುತ್ತದೆ. ಬಳಿದರೆ ಕಾರ್ಖಾನೆಯ ಬಣ್ಣ ಶಾಶ್ವತವಾಗಿ ಹೋಯಿತು. ಹ್ಯಾಟ್ ಆದರೆ ಯಾವಾಗ ಬೇಕಾದರೂ ತೆಗೆದಿಡಬಹುದು. ಹಾಕಲೇಬೇಕು ಅನ್ನುವವರು ಒಳಗಡೆ ‘ಹೊಸದು’ ಅಂತ ಅಳಿಸದ ಗುರುತು ಮಾಡಿ. ಕುದುರೆಗೆ ಮಾತ್ರ ಬ್ರಷ್ ಮುಟ್ಟಿಸಬೇಡಿ.