ದಸರಾ ರಾತ್ರಿಯ ರೇಟು ಬಾಗಿಲಲ್ಲೇ ಬರೆದು ಹಾಕಿ

ವರ್ಷವಿಡೀ ಹೋಟೆಲ್ ಟೇಬಲ್ ಮೇಲೆ ಬಿದ್ದಿರುವ ಮೆನು ಕಾರ್ಡ್ ಮಡಿಕೇರಿ ದಸರಾ ರಾತ್ರಿ ಮಾತ್ರ ಎಲ್ಲಿಗೆ ಹೋಗುತ್ತದೆ? ಕೇಳಿದರೆ "ಏನು ಬೇಕು ಹೇಳಿ, ಎಲ್ಲಾ ಇದೆ" ಅನ್ನುತ್ತಾರೆ. ರೇಟು ಗೊತ್ತಾಗುವುದು ತಿಂದು ಕೈ ತೊಳೆದ ಮೇಲೆ.

ಈ ಸಲ ನಮ್ಮ ಮನೆಯವರಿಗೂ ಹೀಗೇ ಆಯಿತು. ಅತ್ತೆ, ಮಕ್ಕಳು ಎಲ್ಲ ಇದ್ದೆವು. ತಿಂದಿದ್ದು ಪರೋಟ, ಕುರ್ಮ, ಒಂದೆರಡು ಮೊಟ್ಟೆ ಆಮ್ಲೆಟ್, ಟೀ. ಬಿಲ್ ನೋಡಿದರೆ ಪರೋಟಕ್ಕೆ 60 ರೂಪಾಯಿ! ಹಿಂದಿನ ವಾರ ಅದೇ ಹೋಟೆಲಲ್ಲಿ 25 ಕೊಟ್ಟಿದ್ದೆ. ಗಲ್ಲಾದಲ್ಲಿ ಕೇಳಿದರೆ "ಅಕ್ಕಾ, ಇವತ್ತು ಹಬ್ಬದ ರೇಟು, ಎಲ್ಲಾ ಕಡೆ ಹಂಗೇ" ಅಂದರು. ಹಿಂದೆ ಜನ ಕಾಯುತ್ತಿದ್ದರು. ಅತ್ತೆ "ಬಿಡು, ಹಬ್ಬದ ದಿನ ಜಗಳ ಬೇಡ" ಅಂದರು. ಕೊಟ್ಟು ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ರೇಟು ಯಾಕೆ ಏರುತ್ತದೆ ಅಂತ ನನಗೆ ಅರ್ಥವಾಗುತ್ತದೆ. ಕೂರಿಸಲು ಇರುವುದು ಅಷ್ಟೇ ಸೀಟು, ಬರುವ ಜನ ಲೆಕ್ಕವಿಲ್ಲ. ಬೆಳಗಿನವರೆಗೆ ಒಲೆ ಉರಿಯಬೇಕು. ಒಂದು ರಾತ್ರಿಗೆ ಅಂತ ಹೊರಗಿನಿಂದ ಪರೋಟ ಹಾಕುವವರನ್ನು, ಸಪ್ಲೈಯರ್‌ಗಳನ್ನು ಕರೆಸಬೇಕು, ಅವರು ಮಾಮೂಲಿ ಕೂಲಿಗೆ ಬರುವುದಿಲ್ಲ. ದಿನಸಿ, ತರಕಾರಿ, ಗ್ಯಾಸ್ ಎಲ್ಲ ಮೊದಲೇ ತಂದಿಡಬೇಕು, ಮಳೆ ಬಂದು ಜನ ಬರದಿದ್ದರೆ ಉಳಿದ ಮಾಲು ಅವರ ತಲೆಗೇ. ಇದನ್ನೆಲ್ಲ ಒಪ್ಪುತ್ತೇನೆ. ಐದೋ ಹತ್ತೋ ರೂಪಾಯಿ ಜಾಸ್ತಿ ತೆಗೆದುಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಮೈದಾ, ಎಣ್ಣೆ ಒಂದೇ ರಾತ್ರಿಯಲ್ಲಿ ಎರಡು ಪಟ್ಟು ಆಗುತ್ತದಾ? ಅಲ್ಲಿ ಸಪ್ಲೈ ಮಾಡುತ್ತಿದ್ದ ಹುಡುಗನನ್ನು ಕೇಳಿದೆ, ಇವತ್ತು ನಿಂಗೆ ಜಾಸ್ತಿ ಕೊಡ್ತಾರಾ ಅಂತ. ಅವನು ಇಲ್ಲ ಅಂತ ತಲೆ ಅಲ್ಲಾಡಿಸಿದ. ಹಾಗಿದ್ದರೆ ನಮ್ಮಿಂದ ಕಿತ್ತುಕೊಂಡ ದುಡ್ಡು ಯಾರ ಜೇಬಿಗೆ ಹೋಯಿತು?

ಮಡಿಕೇರಿ ದಸರಾ ಬೇರೆ ಹಬ್ಬದ ಹಾಗಲ್ಲ, ಅದನ್ನು ಹೊರಗಿನವರು ತಿಳಿದುಕೊಳ್ಳಬೇಕು. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು, ಅಂದರೆ ದೇವರ ಮೂರ್ತಿಗಳಿರುವ ಸ್ತಬ್ಧಚಿತ್ರಗಳು, ಮೆರವಣಿಗೆ ಹೊರಡುತ್ತವೆ. ಶೋಭಾಯಾತ್ರೆ ಮುಗಿಯುವಾಗ ಬೆಳಗಾಗಿರುತ್ತದೆ. ನಾಪೋಕ್ಲು, ಸುಂಟಿಕೊಪ್ಪ, ಸೋಮವಾರಪೇಟೆ ಕಡೆಯಿಂದ ಬಂದವರು ನಡುರಾತ್ರಿ ವಾಪಸ್ ಹೋಗುವುದು ಹೇಗೆ? ಪೇಟೆಯೊಳಗೆ ಗಾಡಿ ಅಲ್ಲಾಡುವುದಿಲ್ಲ. ಚಳಿ ಬೇರೆ. ಮಕ್ಕಳು ಹಸಿವು ಅಂತ ಅಳುತ್ತಾರೆ. ಆಗ ಕಣ್ಣಿಗೆ ಬಿದ್ದ ಹೋಟೆಲಿಗೆ ನುಗ್ಗಲೇಬೇಕು. ಬೇರೆ ದಾರಿ ಇಲ್ಲ ಅಂತ ಹೋಟೆಲಿನವರಿಗೂ ಗೊತ್ತು, ಅದಕ್ಕೇ ಕಾರ್ಡ್ ಮುಚ್ಚಿಡುವುದು. ಡಿಸೆಂಬರ್ 31ರ ರಾತ್ರಿ ರೆಸಾರ್ಟಿನಲ್ಲಿ ಸಾವಿರಗಟ್ಟಲೆ ಕೇಳುತ್ತಾರಲ್ಲ, ಅದರ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿ ರೇಟು ಮೊದಲೇ ಹೇಳುತ್ತಾರೆ, ಬೇಕಾದವರು ಹೋಗುತ್ತಾರೆ. ದಸರಾ ನಮ್ಮೂರ ದೇವರ ಹಬ್ಬ. ನಾವು ಟೂರಿಗೆ ಬಂದವರಲ್ಲ.

ಬಿಲ್ಲಿನ ಕೊನೆಯಲ್ಲಿ ಸರ್ವಿಸ್ ಚಾರ್ಜ್ ಅಂತಲೂ ಒಂದು ಸಾಲು ಇತ್ತು. ನಿಂತು ತಿಂದವರಿಗೆ ಯಾವ ಸರ್ವಿಸ್? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ಸರ್ವಿಸ್ ಚಾರ್ಜನ್ನು ಹೋಟೆಲಿನವರು ತಾವಾಗಿ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಅಂತ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮನಸ್ಸಿದ್ದರೆ ಕೊಡಬಹುದು, ಅಷ್ಟೇ. ಆ ಸಾಲು ಕಂಡರೆ ತೆಗೆಸಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಬಿಲ್ ಮಾತ್ರ ಕೇಳಿ ತೆಗೆದುಕೊಳ್ಳಿ, ಚೀಟಿಯಲ್ಲಿ ಗೀಚಿ ಕೊಟ್ಟರೆ ಒಪ್ಪಬೇಡಿ. ಆದರೆ ಪರೋಟಕ್ಕೆ 60 ಯಾಕೆ ಅಂತ ಕೇಳಲು ಕಾನೂನಿನ ಬಲ ಇಲ್ಲ. ಪ್ಯಾಕೆಟ್ ಮೇಲಿರುವ ಹಾಗೆ ಬೇಯಿಸಿದ ತಿಂಡಿಗೆ ಎಂಆರ್‌ಪಿ ಇರುವುದಿಲ್ಲ. ಹೋಟೆಲಿನವರು ಹಾಕಿದ್ದೇ ರೇಟು.

ಅದಕ್ಕೇ ದಸರಾ ಸಮಿತಿಯವರು, ಹೋಟೆಲ್ ಮಾಲೀಕರು ಮುಂದಿನ ವರ್ಷ ಮೊದಲೇ ಕೂತು ಮಾತಾಡಲಿ. ಮಂಟಪ, ಲೈಟು, ಪಾರ್ಕಿಂಗ್ ಅಂತ ಅಷ್ಟೊಂದು ಸಭೆ ಮಾಡುತ್ತಾರಲ್ಲ, ಊಟದ ಬಗ್ಗೆ ಅರ್ಧ ಗಂಟೆ ಮಾತಾಡಿದರೆ ಏನಾಗುತ್ತದೆ? ಹಬ್ಬದ ರೇಟು ಇಷ್ಟು ಅಂತ ದೊಡ್ಡದಾಗಿ ಬರೆದು ಬಾಗಿಲಲ್ಲೇ ತೂಗು ಹಾಕಲಿ, ಕನ್ನಡದಲ್ಲಿ, ರಸ್ತೆಯಲ್ಲಿ ನಿಂತವರಿಗೂ ಕಾಣುವ ಹಾಗೆ. ಕೈಲಾದವರು ಒಳಗೆ ಹೋಗುತ್ತಾರೆ. ಆಗದವರು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬರುತ್ತಾರೆ.