ಕ್ಲಚ್ ಹೆವಿ ಡ್ಯೂಟಿ ಅಂತೆ, ಆಯಿಲ್ ಸೀಲ್ ಮಾತ್ರ ಹಳೆಯದೇ!

ಸಿಟ್ಟು ನೆತ್ತಿಗೇರಿದೆ ಮಾರಾಯ್ರೆ. ಎಲ್ಲಾದರೂ ಕಾರಬೇಕಲ್ಲ, ಇಲ್ಲೇ ಕಾರುತ್ತೇನೆ.

ನಮ್ಮದು ಅಪ್ಪನ ಕಾಲದ ಮಿತ್ಸುಬಿಷಿ ಸಣ್ಣ ಟ್ರ್ಯಾಕ್ಟರ್. 18.5 ಹೆಚ್‌ಪಿ, 3 ಸಿಲಿಂಡರ್. ಕೊಟ್ಟಿಗೆ ಪಕ್ಕ ತುಕ್ಕು ಹಿಡಿದು ಬಿದ್ದಿದ್ದನ್ನು ಬಿಚ್ಚಿ, ಉಜ್ಜಿ, ಪೇಂಟ್ ಹೊಡೆದು ಓಡುವ ಹಾಗೆ ಮಾಡಿದ್ದೆವು. ಶೋಕಿಗಲ್ಲ. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ 9 ಅಡಿ. ದೊಡ್ಡ ಟ್ರ್ಯಾಕ್ಟರ್ ಅಲ್ಲಿ ತಿರುಗುವುದೇ ಇಲ್ಲ.

ಕ್ಲಚ್ ಮಾತ್ರ ಸವೆದಿತ್ತು. ಗೊಬ್ಬರದ ಟ್ರೈಲರ್ ಕಟ್ಟಿ ಏರು ಹತ್ತಿಸಿದರೆ ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಚಕ್ರ ಕದಲುವುದಿಲ್ಲ. ಗ್ಯಾರೇಜಿನವರು "ಕಂಪನಿದು ಬೇಡ ಅಣ್ಣ, ಹೆವಿ ಡ್ಯೂಟಿ ಬಟನ್ ಪ್ಲೇಟ್ ಹಾಕುವ" ಎಂದರು. ಅಂದರೆ ಗಟ್ಟಿ ಬಿಲ್ಲೆಗಳನ್ನು ಕೂರಿಸಿದ ಕ್ಲಚ್ ಪ್ಲೇಟ್. ಸರಿ. ಕ್ಲಚ್ ತೆಗೆಯಲು ಗಾಡಿಯನ್ನು ನಡುವಿನಲ್ಲಿ ಬಿಚ್ಚಿ ಎರಡು ಭಾಗ ಮಾಡಲೇಬೇಕು. ಹೇಗೂ ಬಿಚ್ಚುತ್ತೀರಿ, ಇಂಜಿನ್ ಆಯಿಲ್ ಕ್ಲಚ್ ಕಡೆಗೆ ಸೋರದಂತೆ ತಡೆಯುವ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಎರಡೂ ಹೊಸತು ಹಾಕಿ ಅಂತ ಬಡಕೊಂಡಿದ್ದೆ. ಕ್ಲಚ್ ಸೆಟ್ಟಿನ ಮುಂದೆ ಅದೆಲ್ಲ ಚಿಲ್ಲರೆ ದುಡ್ಡು. ತಲೆ ಆಡಿಸಿದ್ದೇ ಆಡಿಸಿದ್ದು.

ಈಗ ಕ್ಲಚ್ ಕೂರುವ ಡಬ್ಬಿ, ಅದೇ ಬೆಲ್ ಹೌಸಿಂಗಿನ ಅಡಿಯ ತೂತಿನಿಂದ ಕಪ್ಪು ಆಯಿಲ್ ತೊಟ್ಟಿಕ್ಕುತ್ತಿದೆ. ಬೆರಳಿಗೆ ಹಚ್ಚಿ ಮೂಸಿದೆ. ಗೇರ್ ಆಯಿಲಿನ ಗಬ್ಬು ವಾಸನೆ ಇಲ್ಲ, ಇಂಜಿನ್ನಿದೇ. ಸೀಲ್ ಮುಟ್ಟಿಯೇ ಇಲ್ಲ! ಬಿಲ್ಲಿನಲ್ಲಿ ಮಾತ್ರ ಚಂದಕ್ಕೆ ಉಂಟು.

ಒಣಗಿರಬೇಕಾದ ಪ್ಲೇಟಿಗೆ ಎಣ್ಣೆ ಕುಡಿಸಿದರೆ ಎಂತ ಆಗಬೇಕು? ಒಮ್ಮೆ ಜಾರುತ್ತದೆ, ಒಮ್ಮೆ ಗಕ್ಕನೆ ಕಚ್ಚಿ ಗಾಡಿ ಮುಂದಕ್ಕೆ ಹಾರುತ್ತದೆ. ನಿನ್ನೆ ಹಾಗೆ ಹಾರಿ ಒಂದು ಅಡಿಕೆ ಸಸಿ ಚಪ್ಪಟೆ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೇರೆ ಎಷ್ಟು ಗಟ್ಟಿ ಎಂದರೆ, ಅಪ್ಪ ಹವಾಯಿ ಚಪ್ಪಲಿಯಲ್ಲಿ ಒತ್ತುತ್ತಿದ್ದ ಪೆಡಲನ್ನು ನಾನು ಸೀಟಿನಿಂದ ಎದ್ದು ತುಳಿಯಬೇಕು. ಇದಕ್ಕೆ ಜಾಸ್ತಿ ದುಡ್ಡು ಬೇರೆ!

ಫೋನ್ ಮಾಡಿದರೆ "ಹಳೆ ಗಾಡಿ ಅಲ್ವಾ ಅಣ್ಣ, ಸ್ವಲ್ಪ ಆಯಿಲ್ ಬರ್ತದೆ." ಹಳೆಯದು ಅಂತಲೇ ಅಲ್ವಾ ಸೀಲ್ ಹಾಕಿ ಅಂದದ್ದು? ಪುನಃ ಬಿಚ್ಚುವ ಮಜೂರಿ ನಾನೇ ಕೊಡಬೇಕಂತೆ. ಒಂದು ಪೈಸೆ ಕೊಡುವುದಿಲ್ಲ ಎಂದಿದ್ದೇನೆ. ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಕಳೆದಾಯಿತು. ಏಣೇಲು, ಅಂದರೆ ಮಳೆಗಾಲದ ಮೊದಲ ಭತ್ತದ ಬೆಳೆಗೆ ಗದ್ದೆ ಉಳಲು ಬಾಡಿಗೆ ಟಿಲ್ಲರಿನವನ ಮನೆ ಬಾಗಿಲು ಕಾಯುತ್ತಿದ್ದೇನೆ, ನಮ್ಮ ಗಾಡಿ ಅಂಗಳದಲ್ಲಿ ಟಾರ್ಪಾಲು ಹೊದ್ದು ಮಲಗಿದೆ.

ಯಾವಾಗ ಬರ್ತೀರಿ ಎಂದು ಕೇಳಿದರೆ "ಮಳೆ ಬಿಡಲಿ ಅಣ್ಣ, ಬರುವ" ಅಂತೆ. ಉಡುಪಿಯಲ್ಲಿ, ಜೂನ್ ತಿಂಗಳಲ್ಲಿ, ಮಳೆ ಬಿಡುವುದಂತೆ!