ಗೂಡ್ಸ್ ಗಾಡಿಗೆ ಏನವಸರ?

ಬಳ್ಳಾರಿ, ಹೊಸಪೇಟೆ ಕಡೆಯವರಿಗೆ ಇದು ಹೊಸದೇನಲ್ಲ. ಅದಿರು ತುಂಬಿದ ಗೂಡ್ಸ್ ಗಾಡಿ ಸ್ಟೇಷನ್ನಿನ ಲೂಪ್ ಲೈನಿನಲ್ಲಿ, ಅಂದರೆ ಬೇರೆ ಗಾಡಿಗೆ ದಾರಿ ಬಿಡುವ ಪಕ್ಕದ ಹಳಿಯಲ್ಲಿ, ನಿಂತಿರುತ್ತದೆ. ಪಕ್ಕದಲ್ಲೇ ಎಕ್ಸ್‌ಪ್ರೆಸ್ ಹೋಯಿತು. ಪ್ಯಾಸೆಂಜರ್ ಹೋಯಿತು. ಗೂಡ್ಸ್ ಇನ್ನೂ ಅಲ್ಲೇ. ವ್ಯಾಗನ್ ನೆರಳಲ್ಲಿ ಮಲಗಿದ ನಾಯಿಯೂ ಗಾಬರಿಯಾಗುವುದಿಲ್ಲ. ಅದಕ್ಕೆ ಟೈಮ್‌ಟೇಬಲ್ ಗೊತ್ತು.

ಹಾಗಂತ ರೈಲ್ವೆ ಸುಮ್ನೆ ಕೂತಿಲ್ಲ. 2016-17ರ ಬಜೆಟ್ಟಿನಲ್ಲಿ 'ಮಿಷನ್ ರಫ್ತಾರ್' ಘೋಷಣೆಯಾಯಿತು. ಐದು ವರ್ಷದಲ್ಲಿ ಗೂಡ್ಸ್ ಗಾಡಿಗಳ ಸರಾಸರಿ ವೇಗ ದುಪ್ಪಟ್ಟಾಗಬೇಕಿತ್ತು. 2019-20ಕ್ಕೆ ಸರ್ಕಾರದ ಲೆಕ್ಕ ಪರಿಶೋಧಕ ಸಂಸ್ಥೆ ಸಿಎಜಿ ಲೆಕ್ಕ ಹಾಕಿ ನೋಡಿದರೆ ಗಂಟೆಗೆ 23.6 ಕಿ.ಮೀ.! ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಐವತ್ತು ಅಡಿಗೆ ಒಂದಡಿ ಏರು, 57 ಸುರಂಗ. ಅಲ್ಲಿ ರೈಲಿಗೆ ಹಾಕಿರುವ ಮಿತಿಯೇ 30 ಕಿ.ಮೀ. ಅಂದರೆ ಬಯಲುಸೀಮೆಯೂ ಸೇರಿದ ಇಡೀ ದೇಶದ ಸರಾಸರಿ, ಘಾಟಿಯ ಮಿತಿಯನ್ನೂ ಮುಟ್ಟಿಲ್ಲ. 2008ರಿಂದ 2019ರ ನಡುವೆ ಹಳಿ ಮತ್ತಿತರ ಕೆಲಸಕ್ಕೆ ಸುರಿದ ದುಡ್ಡು ಸುಮಾರು 2.5 ಲಕ್ಷ ಕೋಟಿ ರೂಪಾಯಿ ಅಂತ ಅದೇ ಸಿಎಜಿ ಹೇಳುತ್ತದೆ.

ಆಮೇಲೆ ಒಂದು ಪವಾಡ ನಡೆಯಿತು. 2020ರ ಜುಲೈನಲ್ಲಿ ಗೂಡ್ಸ್ ವೇಗ 45 ಕಿ.ಮೀ. ದಾಟಿತು. ರಾತ್ರೋರಾತ್ರಿ ಹೊಸ ಹಳಿ ಹಾಸಿದರಾ? ಇಲ್ಲ. ಕೊರೊನಾ ಬಂತು, ಜನರ ರೈಲುಗಳು ಬಹುತೇಕ ನಿಂತವು, ಅಷ್ಟೇ. ರೈಲ್ವೆಯಂತೂ ಎದೆಯುಬ್ಬಿಸಿ ಪ್ರಕಟಣೆ ಕೊಟ್ಟಿತು. ಜನ ವಾಪಸ್ ಬಂದರು, ವೇಗ ಮತ್ತೆ 25ರ ಆಸುಪಾಸಿಗೆ ಇಳಿಯಿತು. ತಪ್ಪೆಲ್ಲ ನಮ್ಮದೇ ಬಿಡಿ. ಟಿಕೆಟ್ ತಗೊಂಡು ಊರಿಗೆ ಹೋಗ್ತೀವಿ ಅಂದವರು ನಾವೇ ಅಲ್ವಾ?

ಸುಧಾರಣೆ ಆಗಿಲ್ಲ ಅನ್ನುವ ಹಾಗೂ ಇಲ್ಲ. 2022ರ ಜನವರಿಯಲ್ಲಿ ಗಾರ್ಡ್ ಹುದ್ದೆಗೆ 'ಟ್ರೈನ್ ಮ್ಯಾನೇಜರ್' ಅಂತ ಹೆಸರಿಟ್ಟರು. ಗಾಡಿಯ ಕೊನೆಯ ಬ್ರೇಕ್ ವ್ಯಾನಿನಲ್ಲಿ ಕೂತು ಸಿಗ್ನಲ್ ಕಾಯುವ ಮನುಷ್ಯ ಈಗ ಮ್ಯಾನೇಜರ್. ಕಾಯೋದೂ ಒಂದು ಮ್ಯಾನೇಜ್‌ಮೆಂಟೇ.

ಗೂಡ್ಸ್‌ಗೆಂದೇ ಹಾಸಿದ ಎರಡು ಪ್ರತ್ಯೇಕ ಕಾರಿಡಾರ್‌ಗಳಿವೆ. ಒಂದು ಪಂಜಾಬಿನಿಂದ ಬಿಹಾರದ ಕಡೆಗೆ, ಇನ್ನೊಂದು ದಿಲ್ಲಿ ಪಕ್ಕದ ದಾದ್ರಿಯಿಂದ ಮುಂಬೈ ಬಂದರಿನ ಕಡೆಗೆ. ಅಲ್ಲಿ ಗಾಡಿ 100 ಕಿ.ಮೀ.ವರೆಗೂ ಹೋಗಬಹುದು. ನಮ್ಮ ಅದಿರಿಗೆ ಅಷ್ಟು ಅವಸರ ಇಲ್ಲ ಅಂತ ಯಾರೋ ತೀರ್ಮಾನ ಮಾಡಿರಬೇಕು. ಕೋಟ್ಯಂತರ ವರ್ಷ ಮಣ್ಣೊಳಗಿದ್ದದ್ದು, ಇನ್ನೊಂದು ದಿನ ಲೂಪಿನಲ್ಲಿದ್ದರೆ ಏನಾಯ್ತು?

ನಿಜವಾದ ಸಿಕ್ಕು ಆ ಲೂಪಿನ ಬಾಯಲ್ಲೇ ಇದೆ. ಮೇನ್ ಲೈನಿನ ವೇಗ 110, 130 ಅಂತ ಏರಿಸುತ್ತಾರೆ. ಆದರೆ ಹಳೇ ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ಇರುವ ಲೂಪಿಗೆ ಗಾಡಿ 15 ಕಿ.ಮೀ.ನಲ್ಲೇ ತಿರುಗಬೇಕು. ಗೂಡ್ಸ್ ಗಾಡಿಯ ಉದ್ದ ಸುಮಾರು 700 ಮೀಟರ್. ಮೂತಿ ಒಳಗೆ ಹೋಗಿ ಬಾಲ ಸೇರುವಷ್ಟರಲ್ಲಿ ಹತ್ತಿರ ಹತ್ತಿರ ಮೂರು ನಿಮಿಷ. ಅಲ್ಲಿಯವರೆಗೆ ಹಿಂದಿನ ಎಕ್ಸ್‌ಪ್ರೆಸ್ಸೂ ಕಾಯಬೇಕು. ಪಾಯಿಂಟ್ ಬದಲಿಸಿದರೆ 30ರಲ್ಲಿ ಒಳಗೆ ಹೋಗಬಹುದು. ಕೆಲವು ಕಡೆ ಬದಲಿಸಿಯೂ ಇದ್ದಾರೆ, ಸದ್ದಿಲ್ಲದೆ. ಉಳಿದ ಕಡೆ? ಅಲ್ಲೊಂದು ತೊಡಕಿದೆ. ವಂದೇ ಭಾರತ್ ಮುಂದೆ ಬಾವುಟ ಬೀಸಿದರೆ ಫೋಟೋ ಪೇಪರಿಗೆ ಬರುತ್ತದೆ. ಪಾಯಿಂಟ್ ಮುಂದೆ ಬಾವುಟ ಹಿಡಿದು ನಿಂತರೆ ಗ್ಯಾಂಗ್‌ಮನ್ ಅಂದುಕೊಂಡಾರು.